ಗೊಜ್ಜು ತಿಂದ ನಾಲಿಗೆಗೆ ಜರ್ಮನಿಯ ಬಿಳಿ ವೈನ್: ಹುಡುಕುವ, ಸವಿಯುವ ಮಾರ್ಗದರ್ಶಿ

ಜರ್ಮನಿಗೆ ಬಂದ ಹೊಸತರಲ್ಲಿ ನಾನು ಕೊಂಡ ಮೊದಲ ಬಿಳಿ ವೈನ್ ನೀಲಿ ಬಣ್ಣದ ಬಾಟಲಿಯಲ್ಲಿತ್ತು. ಅಂಗಡಿಯ ಕಪಾಟಿನ ತೀರ ಕೆಳಗಿನ ಸಾಲು, ಬೆಲೆ ಮೂರು ಯೂರೋಗಿಂತ ಕಡಿಮೆ. ಬಾಯಿಗೆ ಹಾಕಿದರೆ ಜಾಮೂನಿನ ಪಾಕಕ್ಕೆ ನೀರು ಬೆರೆಸಿದ ಹಾಗೆ. ಈ ದೇಶದವರಿಗೆ ಬಿಯರ್ ಮಾಡಲು ಬರುತ್ತದೆ, ವೈನ್ ಮಾಡಲು ಬರುವುದಿಲ್ಲ ಎಂದು ತೀರ್ಪು ಬರೆದು ಎರಡು ವರ್ಷ ಆ ಕಡೆ ತಲೆ ಹಾಕಲಿಲ್ಲ.

ಆ ತೀರ್ಪು ಮಗುಚಿಬಿದ್ದದ್ದು ಮೈಂಟ್ಸ್ ನಗರದಲ್ಲಿ. ಅಲ್ಲಿನ ದೊಡ್ಡ ಚರ್ಚಿನ ಪಕ್ಕದ ಸಂತೆಗೆ ಮಾರ್ಚ್‌ನಿಂದ ನವೆಂಬರ್‌ವರೆಗೆ ಶನಿವಾರ ಬೆಳಿಗ್ಗೆ ಸುತ್ತಲಿನ ದ್ರಾಕ್ಷಿ ಬೆಳೆಗಾರರು ಬಂದು ತಮ್ಮ ವೈನನ್ನು ಗ್ಲಾಸಿನ ಲೆಕ್ಕದಲ್ಲಿ ಮಾರುತ್ತಾರೆ. ತರಕಾರಿ ಚೀಲ ಹಿಡಿದವರು ಹಾಗೆಯೇ ನಿಂತು ಕುಡಿಯುತ್ತಾರೆ. ಸಹೋದ್ಯೋಗಿಯೊಬ್ಬರು ಒಂದು ಗ್ಲಾಸು ನನ್ನ ಕೈಗಿಟ್ಟರು. ಮೊದಲು ಹುಳಿ ದವಡೆಯ ಮೂಲೆ ಹಿಡಿಯಿತು, ಅದರ ಬೆನ್ನಿಗೇ ಸಿಹಿ ಬಂತು, ಎರಡೂ ಇಳಿದ ಮೇಲೆ ಚಕ್ಕೋತ ಸುಲಿದ ಕೈಯ ಪರಿಮಳದಂಥದ್ದು ಬಾಯಲ್ಲಿ ಉಳಿಯಿತು. ನನಗೆ ನೆನಪಾದದ್ದು ಯಾವ ವೈನೂ ಅಲ್ಲ, ಅನಾನಸ್ ಗೊಜ್ಜು. ಹುಣಸೆ, ಬೆಲ್ಲ, ಖಾರ ಒಂದನ್ನೊಂದು ಹಿಡಿದು ನಿಲ್ಲಿಸುವ ಅದೇ ಹದ. ಬೆಲ್ಲ ಹಾಕಿದ ಮಾತ್ರಕ್ಕೆ ಗೊಜ್ಜನ್ನು ಯಾರೂ ಸಿಹಿತಿಂಡಿ ಎನ್ನುವುದಿಲ್ಲ. ಜರ್ಮನಿಯ ಬಿಳಿ ವೈನಿನ ವಿಷಯದಲ್ಲಿ ಬಹಳ ಜನ ಮಾಡುವ ತಪ್ಪು ಮಾತ್ರ ಅದೇ: ಸಿಹಿ ಕಂಡ ಕೂಡಲೇ ಅಗ್ಗದ್ದು ಎಂದುಕೊಳ್ಳುವುದು.

ನನ್ನ ಹಾಗೆ ನೀವೂ ಎರಡು ವರ್ಷ ಕಳೆದುಕೊಳ್ಳುವುದು ಬೇಡ. ಹೆಜ್ಜೆಹೆಜ್ಜೆಯಾಗಿ ಹೋಗೋಣ.

ಮೊದಲ ಹೆಜ್ಜೆ: ವೈನ್ ಬೇಡ, ನಿಂಬೆ ಶರಬತ್ತು ಮಾಡಿ

ತಮಾಷೆಯಲ್ಲ. ಮೂರು ಲೋಟ ತೆಗೆದುಕೊಳ್ಳಿ, ಪ್ರತಿಯೊಂದಕ್ಕೂ 200 ಮಿಲಿಲೀಟರ್ ತಣ್ಣೀರು ಹಾಕಿ. ಮೊದಲನೆಯದಕ್ಕೆ ಒಂದು ನಿಂಬೆಹಣ್ಣಿನ ರಸ ಮಾತ್ರ. ಎರಡನೆಯದಕ್ಕೆ ಎರಡು ಟೀ ಚಮಚ ಸಕ್ಕರೆ ಮಾತ್ರ. ಮೂರನೆಯದಕ್ಕೆ ರಸವೂ ಬೇಕು, ಸಕ್ಕರೆಯೂ ಬೇಕು. ಇದೇ ಸರದಿಯಲ್ಲಿ ಒಂದೊಂದು ಗುಟುಕು ಕುಡಿಯಿರಿ.

ಎರಡನೆಯ ಲೋಟ ಮುಖ ಸಿಂಡರಿಸುವಷ್ಟು ಪೇಲವ. ಮೂರನೆಯದರಲ್ಲಿ ಇರುವುದೂ ಅಷ್ಟೇ ಸಕ್ಕರೆ, ಆದರೆ ಅದು ಬಾಯಾರಿಕೆ ತಣಿಸುತ್ತದೆ. ಮೋಸೆಲ್ ಕಣಿವೆಯ ಸಾಂಪ್ರದಾಯಿಕ ಕಾಬಿನೆಟ್ (ಹಗುರ ದರ್ಜೆಯ) ವೈನಿನಲ್ಲಿ ಲೀಟರಿಗೆ ಸುಮಾರು 40ರಿಂದ 50 ಗ್ರಾಂ ಸಕ್ಕರೆ, 8 ಗ್ರಾಂ ಆಸುಪಾಸು ಹುಳಿ ಇರುವುದು ಸಾಮಾನ್ಯ. ನಿಮ್ಮ ಮೂರನೆಯ ಲೋಟದ ಹದ ಹೆಚ್ಚುಕಡಿಮೆ ಅದೇ. ಕೋಲಾದಲ್ಲಿ ಲೀಟರಿಗೆ 100 ಗ್ರಾಂ ಮೀರಿ ಸಕ್ಕರೆ ಇರುತ್ತದೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ.

ಇನ್ನು ಮುಂದೆ ವೈನ್ ಬಾಯಿಗೆ ಬಂದಾಗ ಸಿಹಿ ಇದೆಯೇ ಎಂದು ಕೇಳಬೇಡಿ, ಸಿಹಿಯನ್ನು ಹೊರುವಷ್ಟು ಹುಳಿ ಇದೆಯೇ ಎಂದು ಕೇಳಿ. ನನ್ನ ನೀಲಿ ಬಾಟಲಿ ಎರಡನೆಯ ಲೋಟದ ಜಾತಿಗೆ ಸೇರಿದ್ದು.

ಎರಡನೆಯ ಹೆಜ್ಜೆ: ದ್ರಾಕ್ಷಿಯ ಪರಿಚಯ

ರೀಸ್ಲಿಂಗ್‌ನಿಂದ ಶುರು ಮಾಡಿ. ಜರ್ಮನಿಯ ಸುಮಾರು ಒಂದು ಲಕ್ಷ ಹೆಕ್ಟೇರ್ ದ್ರಾಕ್ಷಿ ತೋಟದಲ್ಲಿ ಹತ್ತಿರಹತ್ತಿರ ಕಾಲುಭಾಗ ಇದರದ್ದೇ. ಈ ಬಳ್ಳಿಯ ಹೆಸರು ಮೊದಲು ದಾಖಲಾದದ್ದು 1435ರಲ್ಲಿ, ರ‍್ಯೂಸೆಲ್ಸ್‌ಹೈಮ್ ಕೋಟೆಯ ಖರ್ಚಿನ ಲೆಕ್ಕದಲ್ಲಿ. ಇದು ತಡವಾಗಿ ಚಿಗುರುತ್ತದೆ, ತಡವಾಗಿ ಹಣ್ಣಾಗುತ್ತದೆ. ಚಳಿಯ ನಾಡಿನಲ್ಲಿ ನಿಧಾನವಾಗಿ ಮಾಗುವುದರಿಂದ ಹುಳಿ ಕರಗುವ ಮುನ್ನವೇ ಪರಿಮಳ ತುಂಬಿಕೊಳ್ಳುತ್ತದೆ. ಹೊಸ ಮರದ ಪೀಪಾಯಿಯ ವಾಸನೆಯನ್ನು ಸಾಮಾನ್ಯವಾಗಿ ಇದಕ್ಕೆ ತಗಲಿಸುವುದಿಲ್ಲ, ಹಾಗಾಗಿ ಹಣ್ಣು, ನೆಲ, ವರ್ಷ ಯಾವುದೂ ಮರೆಯಾಗದು. ಎಳೆಯದರಲ್ಲಿ ಗಜನಿಂಬೆ, ಹಸಿರು ಸೇಬು, ಪೀಚ್ ಹಣ್ಣು, ಕೆಲವೊಮ್ಮೆ ಬಿಳಿ ಹೂವಿನ ಕಂಪು. ವಯಸ್ಸಾದಂತೆ ಜೇನುತುಪ್ಪ ಬರುತ್ತದೆ, ಅದರ ಜೊತೆಗೆ ಸೀಮೆಎಣ್ಣೆ. ಹೌದು, ಸ್ಟೌವಿಗೆ ಹಾಕುತ್ತಿದ್ದ ಅದೇ ಸೀಮೆಎಣ್ಣೆ. ಟಿಡಿಎನ್ ಎಂದು ಕರೆಯುವ ಸಂಯುಕ್ತ ಬಾಟಲಿಯಲ್ಲಿ ವರ್ಷ ಕಳೆದಂತೆ ಹೆಚ್ಚುವುದರಿಂದ ಈ ವಾಸನೆ. ಮೊದಲ ಸಲ ಬಂದಾಗ ಕೆಟ್ಟುಹೋಗಿದೆ ಎಂದುಕೊಂಡು ಸಿಂಕಿಗೆ ಸುರಿಯಬೇಡಿ. ನಾನು ಸುರಿದಿದ್ದೇನೆ, ಈಗಲೂ ಸಂಕಟವಾಗುತ್ತದೆ.

ಸಿಲ್ವಾನರ್ ಎರಡನೆಯದು. 1659ರಲ್ಲಿ ಫ್ರಾಂಕನ್ ಸೀಮೆಯ ಕಾಸ್ಟೆಲ್ ಎಂಬಲ್ಲಿ ನೆಟ್ಟದ್ದು ಜರ್ಮನಿಯ ಮಟ್ಟಿಗೆ ಇದರ ಹಳೆಯ ದಾಖಲೆ. ಇದಕ್ಕೆ ಬೆಡಗಿಲ್ಲ. ಮರಸೇಬು, ಒಣಹುಲ್ಲು, ಮಳೆ ಬಿದ್ದ ಮಣ್ಣು. ರೀಸ್ಲಿಂಗ್ ಹಾಡುವವಳಾದರೆ ಇದು ತಂಬೂರಿ ಹಿಡಿದು ಕುಳಿತವಳು. ವಸಂತದಲ್ಲಿ ಬಿಳಿ ಶತಾವರಿ ಕಾಲ ಬಂದಾಗ ಜರ್ಮನ್ನರು ಇದನ್ನೇ ಹುಡುಕುತ್ತಾರೆ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಗ್ರೌಬುರ್ಗುಂಡರ್, ವೈಸ್‌ಬುರ್ಗುಂಡರ್ ಎರಡೂ ಬೇರೆ ದೇಶಗಳಲ್ಲಿ ಪಿನೊ ಗ್ರಿ, ಪಿನೊ ಬ್ಲಾಂ ಎಂದು ಹೆಸರಾದವು. ಹುಳಿ ಕಡಿಮೆ, ಮೈ ತುಂಬಿದವು. ಮ್ಯೂಲರ್-ತುರ್ಗಾವ್ ಗೈಸನ್‌ಹೈಮ್‌ನಲ್ಲಿ 1882ರಲ್ಲಿ ಹುಟ್ಟಿದ ಮಿಶ್ರತಳಿ, ಸ್ವಲ್ಪ ಜಾಯಿಕಾಯಿ ಸುಳಿಯುತ್ತದೆ, ಎಳೆಯದಾಗಿಯೇ ಕುಡಿದು ಮುಗಿಸಬೇಕು. ಶಾಯ್‌ರೇಬೆಯನ್ನು ಗೇಯೊರ್ಗ್ ಶಾಯ್ ಎಂಬವರು 1916ರಲ್ಲಿ ಆಲ್ತ್ಸೈನಲ್ಲಿ ತಳಿಯಾಗಿ ಬೆಳೆಸಿದರು. ದೇವನಹಳ್ಳಿ ಚಕ್ಕೋತ ತಿಂದವರು ಇದನ್ನು ಕಣ್ಣು ಮುಚ್ಚಿ ಗುರುತಿಸಬಲ್ಲರು. ಗೆವ್ಯುರ್ತ್ಸ್‌ಟ್ರಮೀನರ್ ಮೂಗಿಗೆ ಹಿಡಿದರೆ ಪನ್ನೇರಳೆ ಹಣ್ಣು, ಗುಲಾಬಿ. ಒಂದು ಗ್ಲಾಸು ಸೊಗಸು, ಎರಡನೆಯದು ಅತಿ.

ಮೂರನೆಯ ಹೆಜ್ಜೆ: ನೆಲ ಯಾವುದು?

ಜರ್ಮನಿಯಲ್ಲಿ ಗುಣಮಟ್ಟದ ವೈನಿಗೆ ಹದಿಮೂರು ಸೀಮೆಗಳಿವೆ. ಹದಿಮೂರನ್ನೂ ಬಾಯಿಪಾಠ ಮಾಡುವ ಅಗತ್ಯವಿಲ್ಲ. ಮೊದಲ ವರ್ಷಕ್ಕೆ ಐದು ಸಾಕು.

ಮೋಸೆಲ್ ಮೊದಲನೆಯದು. ನದಿ ಹಾವಿನಂತೆ ಸುತ್ತಿ ಹರಿಯುತ್ತದೆ, ಎರಡೂ ಬದಿಗೆ ಕಡಿದಾದ ಗುಡ್ಡ, ಗುಡ್ಡದ ತುಂಬ ಸ್ಲೇಟ್ ಕಲ್ಲಿನ ಚೂರು. ಬ್ರೆಮ್ ಎಂಬ ಹಳ್ಳಿಯ ಕಾಲ್ಮಾಂಟ್ ತೋಟದ ಇಳಿಜಾರು 65 ಡಿಗ್ರಿಯವರೆಗೆ ಹೋಗುತ್ತದೆ. ಅಲ್ಲಿ ಟ್ರಾಕ್ಟರ್ ಓಡದು, ಎಲ್ಲವೂ ಕೈಕೆಲಸ. ಭೂಪಟದಲ್ಲಿ 50 ಡಿಗ್ರಿ ಉತ್ತರದಲ್ಲಿರುವ ಈ ಚಳಿಯ ಜಾಗದಲ್ಲಿ ದ್ರಾಕ್ಷಿ ಹಣ್ಣಾಗುವುದೇ ಆ ಕಲ್ಲಿನಿಂದ. ಹಗಲು ಹೀರಿದ ಬಿಸಿಲನ್ನು ಅದು ರಾತ್ರಿ ಬಳ್ಳಿಗೆ ಬಿಟ್ಟುಕೊಡುತ್ತದೆ. ಒಳ್ಳೆಯ ಮೋಸೆಲ್ ರೀಸ್ಲಿಂಗ್‌ನಲ್ಲಿ ಒದ್ದೆ ಕಲ್ಲಿನ ವಾಸನೆ ಇದೆ ಎಂದು ಎಲ್ಲರೂ ಬರೆಯುತ್ತಾರೆ. ಶಾಲೆಯಲ್ಲಿ ಸ್ಲೇಟಿನ ಮೇಲೆ ಬಳಪದಿಂದ ಬರೆದು ಒದ್ದೆ ಬಟ್ಟೆಯಿಂದ ಒರೆಸಿದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ವಾಸನೆ. ಕಲ್ಲೇ ವೈನಿಗೆ ಇಳಿಯುತ್ತದೆಯೇ ಎಂದು ವಿಜ್ಞಾನಿಗಳು ತಕರಾರು ತೆಗೆಯುತ್ತಾರೆ. ನನ್ನ ಮೂಗು ತಕರಾರು ತೆಗೆಯುವುದಿಲ್ಲ.

ರೈನ್‌ಗಾವ್ ಎರಡನೆಯದು. ಉತ್ತರಕ್ಕೆ ಹರಿಯುವ ರೈನ್ ನದಿ ಇಲ್ಲಿ ಸ್ವಲ್ಪ ದೂರ ಪಶ್ಚಿಮಕ್ಕೆ ತಿರುಗುವುದರಿಂದ ಬಲದಂಡೆಯ ತೋಟಗಳೆಲ್ಲ ದಕ್ಷಿಣದ ಬಿಸಿಲಿಗೆ ಮುಖ ಮಾಡಿವೆ. ಶ್ಲಾಸ್ ಯೊಹಾನಿಸ್‌ಬೆರ್ಗ್ ಎಂಬ ಅರಮನೆ, ಅದರ ದ್ರಾಕ್ಷಿ ತೋಟ ಇಲ್ಲಿಯವು. 1775ರಲ್ಲಿ ಕೊಯ್ಲಿನ ಅಪ್ಪಣೆ ತರಬೇಕಿದ್ದ ಕುದುರೆ ಸವಾರ ತೋಟದ ಒಡೆಯರಿದ್ದ ಫುಲ್ಡಾ ನಗರದಿಂದ ತಡವಾಗಿ ಬಂದ, ಅಷ್ಟರಲ್ಲಿ ದ್ರಾಕ್ಷಿಗೆ ಬೂಷ್ಟು ಹಿಡಿದಿತ್ತು, ಆದರೂ ಹಿಂಡಿದರು, ಅದ್ಭುತವಾದ ವೈನ್ ಬಂತು ಎಂಬ ಕಥೆ ಹೇಳುತ್ತಾರೆ. ಆ ಸವಾರನ ಪ್ರತಿಮೆ ಅಂಗಳದಲ್ಲಿ ನಿಂತಿದೆ. ಸರಕಾರಿ ಕಾಗದ ತಡವಾದದ್ದಕ್ಕೆ ಪ್ರತಿಮೆ ನಿಲ್ಲಿಸಿದ ಇನ್ನೊಂದು ಊರು ನನಗೆ ತಿಳಿದಿಲ್ಲ.

ಸಿಹಿಯಿಲ್ಲದ ರೀಸ್ಲಿಂಗ್ ಬೇಕಾದವರು ರೈನ್‌ಹೆಸ್ಸೆನ್ ಮತ್ತು ಅದರ ದಕ್ಷಿಣದ ಫಾಲ್ಟ್ಸ್ ನೋಡಬೇಕು. ಎರಡೂ ದೊಡ್ಡ ಸೀಮೆಗಳು, ಇಲ್ಲಿ ಕಸವೂ ಸಿಗುತ್ತದೆ ರಸವೂ ಸಿಗುತ್ತದೆ. ಐದನೆಯದು ಫ್ರಾಂಕನ್, ಸಿಲ್ವಾನರ್‌ನ ತವರು. ಇಲ್ಲಿಯ ಬಾಟಲಿ ಚಪ್ಪಟೆಯಾಗಿ ಹೊಟ್ಟೆ ಉಬ್ಬಿದ ಬಾಕ್ಸ್‌ಬಾಯ್ಟೆಲ್. ವ್ಯುರ್ತ್ಸ್‌ಬುರ್ಗ್ ನಗರದಲ್ಲಿ 1316ರಿಂದ ಇರುವ ಬ್ಯುರ್ಗರ್‌ಷ್ಪಿಟಾಲ್, 1576ರಲ್ಲಿ ಆರಂಭವಾದ ಯೂಲಿಯುಸ್‌ಷ್ಪಿಟಾಲ್ ಎರಡೂ ದತ್ತಿ ಸಂಸ್ಥೆಗಳು. ಬಡವರ, ವೃದ್ಧರ, ರೋಗಿಗಳ ಆರೈಕೆಗೆಂದು ದ್ರಾಕ್ಷಿ ತೋಟಗಳನ್ನು ಬಿಟ್ಟುಕೊಟ್ಟ ದತ್ತಿ ಇಂದಿಗೂ ನಡೆಯುತ್ತಿದೆ. ನಮ್ಮಲ್ಲಿ ದೇವಸ್ಥಾನಕ್ಕೆ ಉಂಬಳಿ ಗದ್ದೆ ಬಿಡುತ್ತಿದ್ದರಲ್ಲ, ಆ ಬಗೆ.

ಸ್ಟುಟ್‌ಗಾರ್ಟ್ ಕಡೆ ಕೆಲಸಕ್ಕೆ ಹೋಗಿರುವ ಕನ್ನಡಿಗರು ತಮ್ಮ ಊರನ್ನು ಬಿಟ್ಟಿದ್ದೇನೆಂದು ಮುನಿಸಿಕೊಳ್ಳಬಾರದು. ವ್ಯುರ್ಟೆಂಬೆರ್ಗ್ ಮುಖ್ಯವಾಗಿ ಕೆಂಪು ವೈನಿನ ನಾಡು. ಆದರೆ ನಗರದ ಒಳಗೇ ಬಳ್ಳಿ ಹಬ್ಬಿದ ಗುಡ್ಡಗಳಿವೆ, ಅಲ್ಲಿನ ರೀಸ್ಲಿಂಗ್ ಚೆನ್ನಾಗಿಯೇ ಇರುತ್ತದೆ. ನಮ್ಮ ನಿಘಂಟಿನ ಕಿಟ್ಟೆಲ್ಲರು ಕೊನೆಯ ವರ್ಷಗಳನ್ನು ಕಳೆದ ಟ್ಯೂಬಿಂಗನ್ ಕೂಡ ಅದೇ ಸೀಮೆಯದು.

ನಾಲ್ಕನೆಯ ಹೆಜ್ಜೆ: ಲೇಬಲ್ ಓದುವುದು

ಜನ ಹೆದರುವುದು ಇಲ್ಲಿ. ಒಂದೇ ಪದದಲ್ಲಿ ಇಪ್ಪತ್ತು ಅಕ್ಷರ, ಹಳೆಯ ಲಿಪಿ, ಮೇಲೊಂದು ಲಾಂಛನ. ಆದರೆ ಜರ್ಮನ್ ಸಮಾಸ ಪದಗಳು ನಮ್ಮವುಗಳ ಹಾಗೆಯೇ, ಬಿಡಿಸಿದರೆ ಬಿಡುತ್ತವೆ.

ಊರಿನಿಂದ ಆರಂಭಿಸೋಣ. ನಾವು ನಂಜನಗೂಡು ರಸಬಾಳೆ, ಬ್ಯಾಡಗಿ ಮೆಣಸಿನಕಾಯಿ ಎಂದು ಊರಿನ ಹೆಸರು ಹಿಡಿದು ಕೊಳ್ಳುತ್ತೇವೆ. ಅವರೂ ಹಾಗೆಯೇ. ವೇಲೆನರ್ ಜೊನ್ನೆನ್‌ಊರ್ ಎಂದರೆ ವೇಲೆನ್ ಹಳ್ಳಿಯ, ಬಿಸಿಲು ಗಡಿಯಾರ ಎಂಬ ಹೆಸರಿನ ತೋಟ. ಕೊನೆಯ ‘ಅರ್’ ನಮ್ಮ ಷಷ್ಠಿ ವಿಭಕ್ತಿಯ ಕೆಲಸ ಮಾಡುತ್ತದೆ. ‘ಊರ್’ ಎಂದರೆ ಮಾತ್ರ ಊರಲ್ಲ, ಗಡಿಯಾರ. 1842ರಲ್ಲಿ ಕಟ್ಟಿಸಿದ ಬಿಸಿಲು ಗಡಿಯಾರ ಆ ತೋಟದ ಬಂಡೆಯ ಮೇಲೆ ಇವತ್ತಿಗೂ ಇದೆ. ಯುರ್ತ್ಸಿಗರ್ ವ್ಯುರ್ತ್ಸ್‌ಗಾರ್ಟನ್ ಎಂದರೆ ಯುರ್ತ್ಸಿಗ್ ಹಳ್ಳಿಯ ಸಾಂಬಾರ ತೋಟ. ಹೆಸರಿಗೆ ತಕ್ಕಂತೆ ಅದರ ವೈನಿನಲ್ಲಿ ಮಸಾಲೆಯ ಘಾಟು ಇರುತ್ತದೆ.

ಇಲ್ಲೊಂದು ಗುಂಡಿ ಇದೆ, ಬೀಳಬೇಡಿ. ಪೀಸ್‌ಪೋರ್ಟರ್ ಗೋಲ್ಡ್‌ಟ್ರೋಪ್ಫ್‌ಶೆನ್ ಒಂದು ನಿಜವಾದ, ಹೆಸರಾಂತ ತೋಟ. ಪೀಸ್‌ಪೋರ್ಟರ್ ಮಿಶೆಲ್ಸ್‌ಬೆರ್ಗ್ ಕೇಳಲು ಅದರ ತಮ್ಮನಂತಿದೆ, ಆದರೆ ಅದು ಸುತ್ತಲಿನ ಎಷ್ಟೋ ಹಳ್ಳಿಗಳ, ಸಪಾಟು ನೆಲವೂ ಸೇರಿದ ದೊಡ್ಡ ಗುಂಪಿನ ಹೆಸರು. 1971ರ ವೈನ್ ಕಾನೂನು ಇಂಥ ಗುಂಪಿಗೂ ಹಳ್ಳಿಯ ಹೆಸರು ಹಚ್ಚಲು ಬಿಟ್ಟಿತು, ಲೇಬಲ್ ನೋಡಿ ಯಾವುದು ಯಾವುದೆಂದು ಹೇಳಲಾಗದಂತೆ ಮಾಡಿತು. ನನ್ನ ಮಟ್ಟಿಗೆ ಜರ್ಮನ್ ವೈನಿನ ಹೆಸರು ಕೆಡಿಸಿದ್ದರಲ್ಲಿ ಸಕ್ಕರೆಗಿಂತ ಈ ಕಾನೂನಿನ ಪಾಲು ದೊಡ್ಡದು. 2021ರಲ್ಲಿ ನಿಯಮ ಬದಲಾಯಿತು, 2026ರ ಕೊಯ್ಲಿನಿಂದ ಇಂಥ ಗುಂಪಿನ ಹೆಸರುಗಳಿಗೆ ಮೊದಲು ‘ರೆಗಿಯೋನ್’ (ಪ್ರದೇಶ) ಎಂಬ ಪದ ಸೇರಬೇಕು. ಹಳೆಯ ಬಾಟಲಿಗಳು ಅಂಗಡಿಯಲ್ಲಿ ಇರುವವರೆಗೆ ಮಿಶೆಲ್ಸ್‌ಬೆರ್ಗ್, ಬಾಡ್‌ಷ್ಟೂಬೆ, ಗೂಟೆಸ್ ಡೋಮ್‌ಟಾಲ್, ಷ್ವಾರ್ತ್ಸೆ ಕಾಟ್ಸ್ ಎಂಬ ಹೆಸರು ಕಂಡರೆ ಇವು ಒಂದು ತೋಟದ ಹೆಸರಲ್ಲ ಎಂಬುದನ್ನು ನೆನಪಿಡಿ.

ಇನ್ನು ಹಣ್ಣಿನ ಮಾಗು. ಫೋರ್ತ್ಸ್‌ಹೈಮ್‌ನ ಫೆರ್ಡಿನಾಂಡ್ ಎಕ್ಸ್‌ಲೆ ಹೆಸರಿನ ಮಾಪಕವೊಂದಿದೆ. ಒಂದು ಲೀಟರ್ ದ್ರಾಕ್ಷಿರಸ ಒಂದು ಲೀಟರ್ ನೀರಿಗಿಂತ ಎಷ್ಟು ಗ್ರಾಂ ಹೆಚ್ಚು ತೂಗುತ್ತದೆಯೋ ಅಷ್ಟು ಡಿಗ್ರಿ. ಆ ತೂಕದ ಏಣಿಯ ಮೆಟ್ಟಿಲುಗಳೇ ಲೇಬಲ್ ಮೇಲಿನ ಈ ಹೆಸರುಗಳು. ಕಾಬಿನೆಟ್ ಕೆಳಗಿನ ಮೆಟ್ಟಿಲು, ಹಗುರ, ಮೋಸೆಲ್‌ನಲ್ಲಿ 70 ಡಿಗ್ರಿಯ ಆಸುಪಾಸಿನಿಂದ ಶುರು. ಶ್ಪೇಟ್‌ಲೇಸೆ ಎಂದರೆ ತಡವಾದ ಕೊಯ್ಲು. ಔಸ್‌ಲೇಸೆ ಎಂದರೆ ಆರಿಸಿದ ಗೊಂಚಲು. ಬೇರೆನ್‌ಔಸ್‌ಲೇಸೆ ಎಂದರೆ ಬಿಡಿ ಹಣ್ಣು ಆರಿಸಿದ್ದು. ಜರ್ಮನ್ನರ ‘ಬೇರೆ’ ಎಂದರೆ ಕಾಳಿನಂಥ ಹಣ್ಣು, ಒಂದೊಂದನ್ನೇ ಬೇರೆ ಮಾಡಿದ್ದು ಎಂದು ನೆನಪಿಟ್ಟುಕೊಂಡರೆ ಮರೆಯುವುದಿಲ್ಲ. ಆ ಪದದ ಮೊದಲಿಗೇ ‘ಟ್ರೋಕನ್’ (ಒಣ) ಅಂಟಿಕೊಂಡರೆ ಬಳ್ಳಿಯ ಮೇಲೇ ಒಣಗಿದ ಹಣ್ಣಿನದು, 150 ಡಿಗ್ರಿ, ಜೇನಿನಷ್ಟು ಸಾಂದ್ರ, ದುಬಾರಿ. ಐಸ್‌ವೈನಿಗೆ ಮೈನಸ್ 7 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೊರೆಯುವ ಚಳಿಯಲ್ಲಿ ಹೆಪ್ಪುಗಟ್ಟಿದ ಹಣ್ಣನ್ನೇ ಕೊಯ್ದು ಹಿಂಡಬೇಕು. 2019ರ ಬೆಳೆಗೆ ಹದಿಮೂರೂ ಸೀಮೆಗಳಲ್ಲಿ ಒಂದು ರಾತ್ರಿಯೂ ಅಷ್ಟು ಚಳಿ ಬರಲಿಲ್ಲ, ಐಸ್‌ವೈನ್ ಆಗಲೇ ಇಲ್ಲ. ಹಿಂದೆಂದೂ ಹಾಗಾಗಿರಲಿಲ್ಲ.

ಈ ಮೆಟ್ಟಿಲುಗಳು ಹೇಳುವುದು ಹಣ್ಣು ಎಷ್ಟು ಮಾಗಿತ್ತು ಎಂಬುದನ್ನು, ವೈನ್ ಎಷ್ಟು ಸಿಹಿ ಎಂಬುದನ್ನಲ್ಲ. ಶ್ಪೇಟ್‌ಲೇಸೆ ಟ್ರೋಕನ್ ಎಂದಿದ್ದರೆ ಅದು ಸಿಹಿಯಿಲ್ಲದ ವೈನ್. ಹೀಗೆ ಬಿಡಿಯಾಗಿ ನಿಂತ ಟ್ರೋಕನ್ ಪದ ‘ಒಣ’ ಎನ್ನುವುದು ಹಣ್ಣನ್ನಲ್ಲ, ಸಿಹಿಯಿಲ್ಲದ ವೈನನ್ನು; ಆ ಹೆಸರಿನಲ್ಲಿ ಲೀಟರಿಗೆ ಗರಿಷ್ಠ 9 ಗ್ರಾಂ ಸಕ್ಕರೆಗೆ ಅವಕಾಶ. ಹಾಲ್ಬ್‌ಟ್ರೋಕನ್ 18ರವರೆಗೆ. ಫೈನ್‌ಹೆರ್ಬ್ ಎಂಬುದಕ್ಕೆ ಕಾನೂನಿನ ಅಳತೆಯೇ ಇಲ್ಲ, ತುಸು ಸಿಹಿ ಎಂದುಕೊಳ್ಳಿ. ಯಾವ ಪದವೂ ಕಾಣದೆ ಬರೀ ಕಾಬಿನೆಟ್ ಅಥವಾ ಶ್ಪೇಟ್‌ಲೇಸೆ ಎಂದಿದ್ದರೆ ಸಾಮಾನ್ಯವಾಗಿ ಸಿಹಿಯದು.

ಇಷ್ಟೂ ಮರೆತುಹೋದರೆ ಒಂದೇ ಉಪಾಯ: ಮದ್ಯಸಾರದ ಪ್ರಮಾಣ ನೋಡಿ. ಹುದುಗುವಾಗ ಸಕ್ಕರೆಯೇ ಮದ್ಯಸಾರವಾಗುವುದು. ಹಾಗಾಗಿ 7.5ರಿಂದ 9 ಪ್ರತಿಶತ ಇದ್ದರೆ ಸಕ್ಕರೆ ಇನ್ನೂ ಬಾಟಲಿಯಲ್ಲಿದೆ. 12 ದಾಟಿದ್ದರೆ ಬಹುಪಾಲು ಕರಗಿದೆ. 10, 11 ಎಂದಿದ್ದರೆ ನಡುವಿನದು. ಅಂಗಡಿಯಲ್ಲಿ ನಿಂತು ಇದೊಂದನ್ನೇ ನೋಡಿ ನಾನು ಆರಿಸಿದ ದಿನಗಳಿವೆ.

ಕೊನೆಯದಾಗಿ ಬಿರಡೆಯ ಮೇಲಿನ ಹೊದಿಕೆ. ಅಲ್ಲಿ ದ್ರಾಕ್ಷಿ ಗೊಂಚಲು ಹೊತ್ತ ಹದ್ದಿನ ಗುರುತಿದ್ದರೆ ಅದು ವಿಡಿಪಿ ಎಂಬ ಸಂಘದ ಸದಸ್ಯರದು. 1910ರಲ್ಲಿ ಹುಟ್ಟಿದ ಈ ಸಂಘದಲ್ಲಿ ಸುಮಾರು ಇನ್ನೂರು ತೋಟಗಳಿವೆ, ನಿಯಮ ಬಿಗಿ. ಗೂಟ್ಸ್‌ವೈನ್ ಮನೆಯ ಸಾದಾ ವೈನ್, ಒರ್ಟ್ಸ್‌ವೈನ್ ಒಂದು ಹಳ್ಳಿಯದು, ಎರ್ಸ್‌ಟೆ ಲಾಗೆ, ಗ್ರೋಸೆ ಲಾಗೆ ಆಯ್ದ ತೋಟಗಳದ್ದು. ಗ್ರೋಸೆ ಲಾಗೆಯ ಸಿಹಿಯಿಲ್ಲದ ವೈನಿಗೆ ಗ್ರೋಸೆಸ್ ಗೆವೆಕ್ಸ್ ಎಂದು ಹೆಸರು, ಬಾಟಲಿಯ ಮೇಲೆ ಜಿಜಿ ಎಂಬ ಎರಡಕ್ಷರ. ಹದ್ದಿಲ್ಲದವರೆಲ್ಲ ಕಳಪೆ ಎಂದಲ್ಲ. ಹದ್ದಿಲ್ಲದಿದ್ದರೆ ಗೂಟ್ಸ್‌ಆಪ್‌ಫ್ಯುಲುಂಗ್ ಎಂಬ ಪದ ಹುಡುಕಿ: ಬೆಳೆದವರೇ ತಮ್ಮ ತೋಟದಲ್ಲಿ ತುಂಬಿಸಿದ್ದು ಎಂಬ ಮಾತು. ಬರೀ ಆಪ್‌ಫ್ಯುಲರ್ ಎಂದಿದ್ದರೆ ಯಾರದೋ ವೈನ್ ತಂದು ಬಾಟಲಿಗೆ ತುಂಬಿದವರಿರಬಹುದು.

ಐದನೆಯ ಹೆಜ್ಜೆ: ಮೂರೇ ಬಾಟಲಿ ಕೊಳ್ಳಿ

ಮೊದಲ ಸಲಕ್ಕೆ ನನ್ನ ಪಟ್ಟಿ ಹೀಗೆ. ಒಂದು, ಫಾಲ್ಟ್ಸ್ ಅಥವಾ ರೈನ್‌ಹೆಸ್ಸೆನ್‌ನ ರೀಸ್ಲಿಂಗ್ ಟ್ರೋಕನ್, ಗೂಟ್ಸ್‌ವೈನ್ ದರ್ಜೆ. ಎರಡು, ಫ್ರಾಂಕನ್‌ನ ಸಿಲ್ವಾನರ್ ಟ್ರೋಕನ್. ಮೂರು, ಮೋಸೆಲ್‌ನ ರೀಸ್ಲಿಂಗ್ ಕಾಬಿನೆಟ್, ಮದ್ಯಸಾರ 8, 9 ಪ್ರತಿಶತದ್ದು. ಜರ್ಮನಿಯಲ್ಲಿ ಒಂದೊಂದಕ್ಕೆ ಸುಮಾರು 9ರಿಂದ 18 ಯೂರೋ ಇಟ್ಟುಕೊಂಡರೆ ನಿರಾಸೆಯಾಗದು. ಹೊರದೇಶಗಳಲ್ಲೂ ಕಣ್ಣಿಗೆ ಬೀಳುವ ಮನೆಗಳಲ್ಲಿ ಮೋಸೆಲ್‌ನ ಡಾ. ಲೋಸೆನ್, ಸೆಲ್ಬಾಖ್-ಓಸ್ಟರ್, ಯೋಹಾನ್ ಯೋಸೆಫ್ ಪ್ರ್ಯೂಮ್, ನಾಹೆ ಸೀಮೆಯ ಡೋನ್‌ಹಾಫ್, ರೈನ್‌ಹೆಸ್ಸೆನ್‌ನ ವಿಟ್‌ಮನ್ ಇವೆ. ಜಿಜಿಗೆ ಮೊದಲ ದಿನವೇ ಕೈ ಹಾಕಬೇಡಿ. ನಲವತ್ತು ಐವತ್ತು ಯೂರೋ ಕೊಟ್ಟು ಎಳೆಯದನ್ನು ತೆರೆದರೆ ಅದು ಬಾಯಿ ಬಿಡುವುದಿಲ್ಲ, ನಿಮಗೆ ಕೋಪ ಬರುತ್ತದೆ.

ತಿರುಪು ಮುಚ್ಚಳ ಕಂಡು ಮೂಗು ಮುರಿಯಬೇಡಿ, ಜರ್ಮನಿಯಲ್ಲಿ ಉತ್ತಮ ಬಿಳಿ ವೈನುಗಳೇ ಹಾಗೆ ಬರುತ್ತವೆ. ಬಾಟಲಿಯ ತಳದಲ್ಲಿ ಸಕ್ಕರೆ ಹರಳಿನಂಥದ್ದು ಕಂಡರೆ ಅದು ವೈನ್‌ಷ್ಟೈನ್, ದ್ರಾಕ್ಷಿಯ ಹುಳಿ ಹರಳಾದದ್ದು, ಅಪಾಯವಿಲ್ಲ. ವರ್ಷದ ವಿಷಯ ಬಹಳ ತಲೆಗೆ ಹಚ್ಚಿಕೊಳ್ಳಬೇಕಿಲ್ಲ. ಆದರೆ 2018 ಬಿಸಿಲಿನ ವರ್ಷ, ವೈನ್ ಮೆತ್ತಗೆ. 2021 ತಂಪಿನ ವರ್ಷ, ಹುಳಿ ಚುರುಕು. ನಮ್ಮಂಥ ಹುಳಿಪ್ರಿಯರಿಗೆ ಆ ವರ್ಷದ ಕಾಬಿನೆಟ್ ಹೇಳಿ ಮಾಡಿಸಿದ್ದು.

ಬೆಂಗಳೂರಿನಲ್ಲಿ ಕೊಳ್ಳುವುದಾದರೆ ಆಮದು ಸುಂಕ, ಅಬಕಾರಿ ಸುಂಕ ಸೇರಿ ಬೆಲೆ ಹಲವು ಪಟ್ಟಾಗಿರುತ್ತದೆ. ಬೆಲೆಗಿಂತ ಹೆಚ್ಚಾಗಿ ಬಾಟಲಿ ಎಲ್ಲಿ ನಿಂತಿತ್ತು ಎಂದು ನೋಡಿ. ಗಾಜಿನ ಕಿಟಕಿಯ ಬಿಸಿಲಿನಲ್ಲೋ ದೀಪದ ಕೆಳಗೋ ತಿಂಗಳುಗಟ್ಟಲೆ ನಿಂತ ರೀಸ್ಲಿಂಗ್ ಬೆಂದುಹೋಗಿರುತ್ತದೆ. ಜರ್ಮನಿಯಿಂದ ಊರಿಗೆ ಬರುವವರು ಸುಂಕವಿಲ್ಲದೆ ಎರಡು ಲೀಟರ್‌ವರೆಗೆ ತರಬಹುದು. ಎರಡು ಪೂರ್ಣ ಬಾಟಲಿ, ಜೊತೆಗೆ ಔಸ್‌ಲೇಸೆಯ 375 ಮಿಲಿಲೀಟರ್ ಅರ್ಧ ಬಾಟಲಿ ಒಂದು, ಒಟ್ಟು 1.875 ಲೀಟರ್. ಲೆಕ್ಕ ಸರಿಯಾಗಿ ಕೂರುತ್ತದೆ.

ಜರ್ಮನಿಯಲ್ಲೇ ಇದ್ದರೆ ಅಂಗಡಿಗಿಂತ ತೋಟವೇ ಲೇಸು. ಕರೆಮಾಡಿ ಹೊತ್ತು ಗೊತ್ತುಮಾಡಿಕೊಂಡು ಹೋಗಿ, ಐದಾರು ಬಗೆ ರುಚಿ ತೋರಿಸುತ್ತಾರೆ. ಹೊರಡುವಾಗ ಎರಡು ಮೂರು ಬಾಟಲಿಯಾದರೂ ಕೊಳ್ಳುವುದು ಮರ್ಯಾದೆ. ಇನ್ನೂ ಸುಲಭದ ದಾರಿ ಷ್ಟ್ರೌಸ್‌ವಿರ್ಟ್‌ಶಾಫ್ಟ್: ಬೆಳೆಗಾರರು ವರ್ಷಕ್ಕೆ ಹೆಚ್ಚೆಂದರೆ ನಾಲ್ಕು ತಿಂಗಳು ತಮ್ಮ ಮನೆಯಂಗಳದಲ್ಲೇ ನಡೆಸುವ ವೈನ್ ಖಾನಾವಳಿ. ಬಾಗಿಲಿಗೆ ಸೊಪ್ಪಿನ ಕಟ್ಟೋ ಪೊರಕೆಯೋ ನೇತುಹಾಕಿದ್ದರೆ ಇವತ್ತು ತೆರೆದಿದೆ ಎಂದು. ಕಾರು ತಂದಿದ್ದರೆ ಉಗುಳುವುದನ್ನು ಕಲಿಯಿರಿ. ಅದಕ್ಕೆಂದೇ ಮಡಕೆ ಇಟ್ಟಿರುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ.

ಆರನೆಯ ಹೆಜ್ಜೆ: ಸವಿಯುವ ಸಂಜೆ

ಮನೆಯಲ್ಲಿ ಆ ಹೊತ್ತಿಗೆ ಒಗ್ಗರಣೆ ಹಾಕಿರಬಾರದು, ಊದುಬತ್ತಿ ಹಚ್ಚಿರಬಾರದು. ಇಂಗಿನ ಮುಂದೆ ಯಾವ ರೀಸ್ಲಿಂಗೂ ನಿಲ್ಲುವುದಿಲ್ಲ. ಕಾಫಿ ಕುಡಿದು ಒಂದು ಗಂಟೆಯಾದರೂ ಆಗಿರಲಿ.

ಬಾಟಲಿಗಳನ್ನು ಎರಡು ಮೂರು ಗಂಟೆ ಫ್ರಿಜ್‌ನಲ್ಲಿಟ್ಟು, ಕುಡಿಯುವ ಹತ್ತು ಹದಿನೈದು ನಿಮಿಷ ಮೊದಲು ಹೊರಗೆ ತೆಗೆಯಿರಿ. ಕಾಬಿನೆಟ್‌ಗೆ 8ರಿಂದ 10 ಡಿಗ್ರಿ, ಸಿಹಿಯಿಲ್ಲದವಕ್ಕೆ 10ರಿಂದ 12 ಡಿಗ್ರಿ ಹಿತ. ಮಂಜಿನಷ್ಟು ತಣ್ಣಗಿದ್ದರೆ ಪರಿಮಳ ಮುದುಡಿಕೊಳ್ಳುತ್ತದೆ. ಅಗ್ಗದ ವೈನನ್ನು ಅಷ್ಟು ತಣ್ಣಗೆ ಕೊಡುವುದರ ಗುಟ್ಟೂ ಅದೇ. ಬಾಯಿ ತುಸು ಒಳಕ್ಕೆ ಬಾಗಿದ ಗ್ಲಾಸು ಇರಲಿ, ಮೂರನೆಯ ಒಂದು ಭಾಗ ಮಾತ್ರ ತುಂಬಿಸಿ. ಸರದಿ: ಸಿಲ್ವಾನರ್, ಆಮೇಲೆ ರೀಸ್ಲಿಂಗ್ ಟ್ರೋಕನ್, ಕೊನೆಗೆ ಕಾಬಿನೆಟ್. ಸಿಹಿಯದನ್ನು ಮೊದಲು ಕುಡಿದರೆ ಆಮೇಲಿನದೆಲ್ಲ ಕಷಾಯವೆನಿಸುತ್ತದೆ. ಪಾಯಸದ ಮೇಲೆ ಮಜ್ಜಿಗೆಹುಳಿ ತಿಂದು ನೋಡಿದವರಿಗೆ ಇದು ಗೊತ್ತು.

ಬಣ್ಣದ ಮೇಲೆ ಹೆಚ್ಚು ಹೊತ್ತು ಕಳೆಯಬೇಡಿ. ಎಳೆಯದು ಹಸಿರು ಛಾಯೆಯ ತಿಳಿ ಹಳದಿ, ವಯಸ್ಸಾದದ್ದು ಬಂಗಾರ. ಮೂಗಿಗೆ ಹೆಚ್ಚು ಸಮಯ ಕೊಡಿ. ಗ್ಲಾಸು ಅಲುಗಿಸದೆ ಒಮ್ಮೆ, ಸುತ್ತಿಸಿ ಒಮ್ಮೆ ಮೂಸಿ. ಪುಸ್ತಕದಲ್ಲಿ ಓದಿದ ಎಲ್ಡರ್ ಹೂವನ್ನೋ ಗೂಸ್‌ಬೆರಿಯನ್ನೋ ಹುಡುಕಬೇಡಿ, ನೋಡದ ಹೂವು ನಿಮಗೆ ಹೇಗೆ ತಿಳಿಯಬೇಕು? ನಿಮ್ಮ ಮನೆಯ, ನಿಮ್ಮ ಸಂತೆಯ ಹೆಸರನ್ನೇ ಬರೆಯಿರಿ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಹೇರಳೆಕಾಯಿ ಸಿಪ್ಪೆ, ಎಳೆ ಮಾವಿನ ಸೊನೆ, ಸುಗಂಧರಾಜ, ಹಳೆಯ ಸ್ಲೇಟು, ಕೇಸರಿ ಹಾಕಿದ ಹಾಲು ಎಂದೆಲ್ಲ ಇದೆ. ಜರ್ಮನ್ ಗೆಳೆಯರು ನಗುತ್ತಾರೆ, ಆದರೆ ಮುಂದಿನ ಬಾರಿ ಅದೇ ವೈನನ್ನು ನಾನು ಗುರುತಿಸುತ್ತೇನೆ.

ಇನ್ನು ಗುಟುಕು. ಬಾಯಿಯ ಎಲ್ಲ ಮೂಲೆಗೂ ತಲುಪಿಸಿ, ತುಟಿಯ ನಡುವೆ ಸ್ವಲ್ಪ ಗಾಳಿ ಎಳೆದುಕೊಳ್ಳಿ. ಬಿಸಿ ಕಾಫಿ ಹೀರುವಾಗ ಬರುವ ಸದ್ದೇ ಬರುತ್ತದೆ, ನಾಚಿಕೆ ಬೇಡ. ನುಂಗಿದ ಮೇಲೆ ಎರಡು ಸಂಗತಿ ಗಮನಿಸಿ. ದವಡೆಯ ಬದಿಯಲ್ಲಿ ನೀರೂರುತ್ತಿದೆಯೇ? ಊರಿದರೆ ಹುಳಿ ಜೀವಂತವಾಗಿದೆ. ಆಮೇಲೆ ರುಚಿ ಎಷ್ಟು ಹೊತ್ತು ಉಳಿಯುತ್ತದೆ ಎಂದು ಮನಸ್ಸಿನಲ್ಲೇ ಎಣಿಸಿ. ಐದಕ್ಕೆ ಮುಗಿದರೆ ಸಾಧಾರಣ. ಹದಿನೈದು ದಾಟಿದರೆ ಒಳ್ಳೆಯ ವೈನ್. ಕೊನೆಗೆ ಉಳಿದದ್ದು ಸಕ್ಕರೆಯ ಅಂಟೋ ಹಣ್ಣಿನ ನೆನಪೋ ಎಂಬುದೇ ಬೆಲೆಯನ್ನು ತೀರ್ಮಾನಿಸುತ್ತದೆ.

ಏಳನೆಯ ಹೆಜ್ಜೆ: ಊಟಕ್ಕೆ ಕೂರಿಸಿ

ಈಗ ಒಗ್ಗರಣೆ ಹಾಕಬಹುದು. ಖಾರಕ್ಕೆ ಮದ್ಯಸಾರ ಶತ್ರು, ಉರಿಯನ್ನು ಹೆಚ್ಚಿಸುತ್ತದೆ. ಹಾಗಾಗಿ ಹದಿನಾಲ್ಕು ಪ್ರತಿಶತದ ಕೆಂಪು ವೈನ್ ನಮ್ಮ ಊಟದ ಮುಂದೆ ಸೋಲುತ್ತದೆ, ಎಂಟು ಪ್ರತಿಶತದ ಕಾಬಿನೆಟ್ ಗೆಲ್ಲುತ್ತದೆ. ಅದರ ಸಿಹಿ ಖಾರವನ್ನು ತಣಿಸುತ್ತದೆ, ಹುಳಿ ಎಣ್ಣೆಯನ್ನು ಕತ್ತರಿಸುತ್ತದೆ. ಮಂಗಳೂರಿನ ಮೀನು ಗಸಿ, ಕೋರಿ ರೊಟ್ಟಿ, ಅನಾನಸ್ ಗೊಜ್ಜು, ಹಾಗಲಕಾಯಿ ಗೊಜ್ಜು ಎಲ್ಲದರ ಜೊತೆಗೂ ಇದನ್ನು ಕುಡಿದು ನೋಡಿದ್ದೇನೆ. ಹಾಗಲಕಾಯಿ ಒಂದನ್ನು ಬಿಟ್ಟು ಉಳಿದೆಲ್ಲ ಹೊಂದಿದವು. ನೀರ್ದೋಸೆ, ತೆಂಗಿನಕಾಯಿ ಹಾಕಿದ ಪಲ್ಯ, ಬೇಯಿಸಿದ ಮೀನಿಗೆ ಸಿಲ್ವಾನರ್. ಹುರಿದ ಕಾಣೆ, ಬೊಂಡಾಸಿಗೆ ರೀಸ್ಲಿಂಗ್ ಟ್ರೋಕನ್. ಹೋಳಿಗೆ, ಪಾಯಸಕ್ಕೆ ಔಸ್‌ಲೇಸೆ ಸರಿ ಎಂದು ಹೇಳುವವರಿದ್ದಾರೆ. ನನಗೆ ಅದು ಸಿಹಿಯ ಮೇಲೆ ಸಿಹಿ ಎನಿಸುತ್ತದೆ. ಔಸ್‌ಲೇಸೆಗೆ ಒಂದು ತುಂಡು ಉಪ್ಪಿನ ಚೀಸ್ ಸಾಕು.

ಉಳಿದದ್ದನ್ನು ಚೆಲ್ಲಬೇಡಿ

ಮೂರು ಬಾಟಲಿಯನ್ನು ಒಂದೇ ಸಂಜೆ ಖಾಲಿ ಮಾಡುವ ಅಗತ್ಯವೇನಿಲ್ಲ. ಮುಚ್ಚಳ ಬಿಗಿ ಮಾಡಿ ಫ್ರಿಜ್‌ನಲ್ಲಿಡಿ. ರೀಸ್ಲಿಂಗ್‌ಗೆ ಹುಳಿಯೇ ಕಾವಲು, ಮೂರು ನಾಲ್ಕು ದಿನ ಕೆಡುವುದಿಲ್ಲ. ಮರುದಿನ ಒಂದು ಗುಟುಕು, ಮೂರನೆಯ ದಿನ ಇನ್ನೊಂದು. ಸಾಧಾರಣವಾದದ್ದು ಎರಡನೆಯ ದಿನಕ್ಕೆ ಸಪ್ಪೆಯಾಗುತ್ತದೆ, ಒಳ್ಳೆಯದು ಎರಡನೆಯ ದಿನ ಇನ್ನಷ್ಟು ಅರಳುತ್ತದೆ. ಮೂರನೆಯ ದಿನವೂ ಎದ್ದು ನಿಂತದ್ದು ಯಾವುದೋ ಅದರ ಲೇಬಲ್ಲಿನ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದಿನ ಸಲ ಅದೇ ಮನೆಯವರ, ಅದೇ ತೋಟದ ಆರು ಬಾಟಲಿಯ ಪೆಟ್ಟಿಗೆ ತನ್ನಿ. ಎರಡನ್ನು ಈ ವರ್ಷ ತೆರೆಯಿರಿ, ಎರಡನ್ನು ಐದು ವರ್ಷಕ್ಕೆ ಇಡಿ. ಕೊನೆಯ ಎರಡಕ್ಕೆ ಹತ್ತು ವರ್ಷದ ತಾರೀಖು ಬರೆದು ಮನೆಯ ತಂಪು ಮೂಲೆಯಲ್ಲಿ ಮಲಗಿಸಿ. ತೆರೆದಾಗ ಸೀಮೆಎಣ್ಣೆ ನಾರಿದರೆ ಸಿಂಕಿಗೆ ಸುರಿಯಬೇಡಿ.